ದ್ವಿಚಕ್ರಿಯೂ ನಮ್ಮ ಸುಶಿಕ್ಷಿತರ ಔದಾಸೀನ್ಯವೂ

ನಮ್ಮ ಸಗರನಾಡಿನ ಸುಶಿಕ್ಷಿತ ಮನೆತನಗಳಲ್ಲಿ ಮನುಷ್ಯರ ಯೋಗ್ಯತೆಯನ್ನು ಅಳೆಯುವುದಕ್ಕೆ ಒಂದು ವಿಲಕ್ಷಣವಾದ ಮಾನದಂಡವು ರೂಢಿಗೆ ಬಂದಿರುವುದು. ಅಂಗಳದಲ್ಲಿ ನಾಲ್ಕು ಗಾಲಿಯ ಗಾಡಿ ನಿಂತಿದ್ದರೆ ಆ ಮನೆಯವರು ಮುಂದುವರಿದವರು. ಮೋಟಾರುಸೈಕಲ್ಲು ನಿಂತಿದ್ದರೆ ಮುಂದುವರಿಯುವ ಹಾದಿಯಲ್ಲಿರುವವರು. ಬರಿಯ ಸೈಕಲ್ಲೊಂದು ಗೋಡೆಗೆ ಒರಗಿದ್ದರೆ ಅವರು ಕನಿಕರಕ್ಕೆ ಪಾತ್ರರು. ಹಾಲಿನವನು, ಪೇಪರು ಹಾಕುವ ಹುಡುಗ, ಗೌಂಡಿಯ ಕೈಕೆಳಗಿನ ಆಳು, ಇವರ ವಾಹನವದು. ವಕೀಲರ ಮಗನಿಗೂ ವೈದ್ಯರ ಮಗಳಿಗೂ ಶೋಭಿಸದು ಎಂಬುದು ನಮ್ಮವರ ಸಿದ್ಧಾಂತ. ಈ ಸಿದ್ಧಾಂತವು ನಿರಾಧಾರವಾದುದು. ಅಷ್ಟೇ ಅಲ್ಲ, ನಮ್ಮ ಮಕ್ಕಳ ದೇಹಕ್ಕೂ, ಹಳ್ಳಿಯ ಹೆಣ್ಣುಮಕ್ಕಳ ವಿದ್ಯೆಗೂ, ನಾಡಿನ ಸಡಕುಗಳಿಗೂ ಏಕಕಾಲದಲ್ಲಿ ಹಾನಿಕಾರಕವಾದುದು ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ವಾಚಕ ಮಹಾಶಯರಲ್ಲಿ ಕೆಲವರಿಗೆ ಈ ಮಾತು ಕಹಿಯಾದೀತು. ಔಷಧಕ್ಕೆ ಕಹಿಯು ದೋಷವಲ್ಲ.

ಈ ವಿಷಯವನ್ನು ಈಗ ಎತ್ತುವುದಕ್ಕೆ ಒಂದು ನಿಮಿತ್ತ ಒದಗಿರುವುದು. ೨೦೨೬ನೆಯ ಇಸವಿಯ ಜನವರಿ ೧೯ರಿಂದ ೨೩ರ ವರೆಗೆ ಪುಣೆಯಲ್ಲಿಯೂ ಆ ಜಿಲ್ಲೆಯ ಘಟ್ಟಬಯಲುಗಳಲ್ಲಿಯೂ ‘ಪುಣೆ ಗ್ರ್ಯಾಂಡ್ ಟೂರ್’ ಎಂಬ ದ್ವಿಚಕ್ರ ಸ್ಪರ್ಧೆಯು ಜರುಗಿತು. ಐದು ದಿನಗಳ ಓಟ. ಒಟ್ಟು ದೂರ ೪೩೭ ಕಿಲೋಮೀಟರು. ಅಂತರರಾಷ್ಟ್ರೀಯ ಸೈಕ್ಲಿಂಗ್ ಸಂಸ್ಥೆಯ ಪಂಚಾಂಗದಲ್ಲಿ ಸ್ಥಾನ ಪಡೆದು, ಸೈಕಲ್ಲು ತುಳಿಯುವುದನ್ನೇ ವೃತ್ತಿಯಾಗಿ ಉಳ್ಳವರ ತಂಡಗಳನ್ನು ಅನೇಕ ದೇಶಗಳಿಂದ ಬರಮಾಡಿಕೊಂಡ ಕೂಟವದು. ಯಾದಗಿರಿಯಲ್ಲಿ ರೈಲು ಹತ್ತಿದರೆ ಪುಣೆಯಲ್ಲಿಯೇ ಇಳಿಯಬಹುದಷ್ಟೆ. ಆಪ್ತರ ಮನೆಯ ಕಾರ್ಯನಿಮಿತ್ತವಾಗಿ ಆ ದಿನಗಳಲ್ಲಿ ನಾನು ಅಲ್ಲಿದ್ದುದರಿಂದ, ಅರುವತ್ತು ದಾಟಿದ ಈ ವಯಸ್ಸಿನಲ್ಲಿ ಮೊದಲ ಸಲ ಇಂತಹ ಸ್ಪರ್ಧೆಯ ಪ್ರೇಕ್ಷಕನಾಗುವ ಯೋಗ ಕೂಡಿಬಂದಿತು. ಊರಿಗೆ ಮರಳಿ ಈ ಸಂಗತಿಯನ್ನು ಪ್ರಸ್ತಾಪಿಸಲು, ನಮ್ಮ ವಿದ್ಯಾವಂತ ಮಿತ್ರರು ಒಬ್ಬರ ತರುವಾಯ ಒಬ್ಬರು ಆಕ್ಷೇಪಗಳನ್ನು ಹೂಡಿದರು. ಅವುಗಳನ್ನೇ ಪೂರ್ವಪಕ್ಷವಾಗಿ ಇಟ್ಟುಕೊಂಡು ಕ್ರಮವಾಗಿ ಉತ್ತರಿಸುವೆನು.

ಮೊದಲನೆಯ ಆಕ್ಷೇಪ: ‘ಅದರಲ್ಲಿ ನೋಡುವುದಕ್ಕೆ ಏನಿದೆ? ಎರಡು ತಾಸು ಬಿಸಿಲಲ್ಲಿ ನಿಲ್ಲುವುದು. ಅರ್ಧ ನಿಮಿಷದಲ್ಲಿ ಎಲ್ಲರೂ ಹೋಗಿಬಿಡುವರು.’ ಇದರಲ್ಲಿ ಅಸತ್ಯವೇನೂ ಇಲ್ಲ. ನಾವು ಸಡಕಿನ ಅಂಚಿನಲ್ಲಿ ನಿಂತು ಕಾದೆವು. ಮೊದಲು ಪೋಲೀಸರ ಮೋಟಾರುಸೈಕಲ್ಲುಗಳು ಹೋದವು. ತರುವಾಯ ನಿರ್ಣಾಯಕರ ಮೋಟಾರು. ಅನಂತರ ಒಂದು ವಿಚಿತ್ರವಾದ ನಿಶ್ಶಬ್ದ. ಆಮೇಲೆ ದೂರದಿಂದ ಹೆಜ್ಜೇನು ಎದ್ದಂತಹ ಮೊರೆತ ಕೇಳಿಸಿತು. ಒಬ್ಬನ ಮುಂಗಾಲಿ ಇನ್ನೊಬ್ಬನ ಹಿಂಗಾಲಿಗೆ ಗೇಣು ದೂರದಲ್ಲಿರಲು, ಬಣ್ಣಬಣ್ಣದ ಒಂದೇ ವಸ್ತ್ರವನ್ನು ಯಾರೋ ಸೆಳೆದೊಯ್ದಂತೆ ಆ ಸವಾರರ ಸಮೂಹವು ನಮ್ಮೆದುರು ಹಾಯ್ದುಹೋಯಿತು. ಅವರ ಗಾಳಿ ನಮ್ಮ ಮುಖಕ್ಕೆ ಬಡಿಯಿತು. ಅವರ ಹಿಂದೆ ನೆತ್ತಿಯ ಮೇಲೆ ಹೆಚ್ಚಿನ ಸೈಕಲ್ಲುಗಳನ್ನು ಹೊತ್ತ ಮೋಟಾರುಗಳ ಸಾಲು. ಅಷ್ಟೇ. ಯಾರು ಮುಂದೆ, ಯಾರು ಹಿಂದೆ ಎಂಬುದನ್ನು ಪಕ್ಕದಲ್ಲಿದ್ದ ಹುಡುಗನ ಮೊಬೈಲಿನಿಂದ ತಿಳಿಯಬೇಕಾಯಿತು.

ಆದರೆ ಮಹನೀಯರೇ, ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಎಷ್ಟೋ ಹರದಾರಿ ನಡೆದು ಬರುವ ಭಕ್ತನು ಪಲ್ಲಕ್ಕಿಯನ್ನು ಎಷ್ಟು ಹೊತ್ತು ನೋಡುವನು? ಭಂಡಾರದ ಹಳದಿಯ ಮೋಡದೊಳಗೆ ಅದು ಎದುರಿಗೆ ಹಾಯುವ ಒಂದು ಕ್ಷಣ ಮಾತ್ರ. ಆ ಕ್ಷಣಕ್ಕಾಗಿ ಅವನು ದಿನವೆಲ್ಲ ಕಾಯುವನು; ಕಾಯುವುದೂ ದರ್ಶನದ ಅಂಗವೆಂದು ಅವನು ಬಲ್ಲನು. ಇಷ್ಟಕ್ಕೂ ರಥೋತ್ಸವವೆಂಬುದು ಏತಕ್ಕಾಗಿ ಹುಟ್ಟಿತು? ಗರ್ಭಗುಡಿಯ ಹತ್ತಿರ ಬರಲಾರದವರ ಬಳಿಗೆ ದೇವರೇ ಬೀದಿಗೆ ಬರಲೆಂದು. ಈ ಸ್ಪರ್ಧೆಯ ಸೊಗಸೂ ಅದರಲ್ಲಿಯೇ ಇರುವುದು. ಇದಕ್ಕೆ ಗೋಡೆಯಿಲ್ಲ, ದ್ವಾರವಿಲ್ಲ, ಚೀಟಿಯಿಲ್ಲ. ಕೋಟ್ಯಧೀಶನೂ ಕೂಲಿಕಾರನೂ ಅದೇ ಸಡಕಿನ ಅಂಚಿನಲ್ಲಿ ಅಷ್ಟೇ ದೂರದಲ್ಲಿ ನಿಲ್ಲುವರು. ಫ್ರಾನ್ಸ್ ದೇಶದಲ್ಲಿ ೧೯೦೩ರಿಂದ ನಡೆದುಬಂದಿರುವ ಜಗತ್ಪ್ರಸಿದ್ಧ ‘ಟೂರ್ ಡಿ ಫ್ರಾನ್ಸ್’ ಸ್ಪರ್ಧೆಯನ್ನು ಇಂದಿಗೂ ಹಳ್ಳಿಯವರು ತಮ್ಮ ಹೊಲದ ಬದುವಿನಲ್ಲಿ ನಿಂತು ಬಿಟ್ಟಿಯಾಗಿ ನೋಡುವರು. ಆಟವೇ ಪ್ರೇಕ್ಷಕನ ಬಾಗಿಲಿಗೆ ಬರುವ ಕ್ರೀಡೆ ಬೇರೆ ಯಾವುದಿದೆ?

ಎರಡನೆಯ ಆಕ್ಷೇಪ: ‘ಇದು ಪರದೇಶದ ಆಟ, ಶ್ರೀಮಂತ ದೇಶಗಳ ಆಟ, ನಮಗೇಕೆ?’ ಹೀಗೆನ್ನುವವರೇ ಕ್ರಿಕೆಟ್ಟಿನ ಮುಂದೆ ಶಿವರಾತ್ರಿಯಂತೆ ಜಾಗರಣೆ ಮಾಡುವರು! ಅಸ್ತು. ಈಗಿನ ಮಾದರಿಯ ಸೈಕಲ್ಲು ಇಂಗ್ಲಂಡಿನಲ್ಲಿ ೧೮೮೫ರಲ್ಲಿ ರೂಪುಗೊಂಡಿತು. ಗಾಳಿ ತುಂಬಿದ ಟಾಯರನ್ನು ೧೮೮೮ರಲ್ಲಿ ಡನ್‌ಲಪ್ ಎಂಬ ಪಶುವೈದ್ಯನು ಬಳಕೆಗೆ ತಂದನು. ಅದಾಗಿ ಸುಮಾರು ೧೪೦ ವರ್ಷಗಳಾದವು. ನಮ್ಮ ಅಜ್ಜಂದಿರ ಕಾಲದಿಂದಲೂ ಹಳ್ಳಿಯ ಅಂಚೆಯನ್ನೂ ಪೇಟೆಯ ಹಾಲನ್ನೂ ಹೊತ್ತ ವಾಹನವು ಇನ್ನೂ ಪರದೇಶಿಯೆ? ಸೈಕಲ್ಲು ತಯಾರಿಸುವುದರಲ್ಲಿ ಚೀನದ ತರುವಾಯ ನಮ್ಮ ದೇಶದ್ದೇ ಹೆಸರು. ಲುಧಿಯಾನೆಯ ಕಾರಖಾನೆಗಳು ಲೋಕಪ್ರಸಿದ್ಧವಾಗಿವೆ. ಆದರೆ ಒಲಿಂಪಿಕ್ಸ್ ಕೂಟದಲ್ಲಿ ೧೯೬೪ರ ಟೋಕಿಯೋ ತರುವಾಯ ಭಾರತದ ಒಬ್ಬ ಸೈಕಲ್ ಸವಾರನೂ ಕಣಕ್ಕಿಳಿದಿಲ್ಲ. ಮಾಡುವವರು ನಾವು, ಮಾರುವವರು ನಾವು, ತುಳಿಯಲು ಮಾತ್ರ ನಮಗೆ ನಾಚಿಕೆ.

ಇನ್ನು ಶ್ರೀಮಂತಿಕೆಯ ಮಾತು. ಆಫ್ರಿಕದ ಎರಿಟ್ರಿಯವು ನಮ್ಮ ದೇಶಕ್ಕಿಂತಲೂ ಬಡದೇಶ. ಅಲ್ಲಿಗೆ ಸೈಕಲ್ ಸ್ಪರ್ಧೆಯನ್ನು ತಂದವರು ಅದನ್ನು ಆಳಿದ ಇಟಲಿಯವರು. ಆಳಿದವರು ಹೋದರು, ಆಟವು ಆ ಜನರದೇ ಆಯಿತು. ಆ ನಾಡಿನ ಬಿನಿಯಮ್ ಗಿರ್ಮಾಯ್ ಎಂಬ ಯುವಕನು ೨೦೨೪ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮೂರು ದಿನಗಳ ಓಟಗಳನ್ನು ಗೆದ್ದು, ಅಂಕಗಳಲ್ಲಿ ಅಗ್ರಗಣ್ಯನಾದವನಿಗೆ ಸಲ್ಲುವ ಹಸಿರು ಅಂಗಿಯನ್ನು ತೊಟ್ಟು ಫ್ರಾನ್ಸಿನ ಮಹಾಶಯರನ್ನು ಬೆರಗುಗೊಳಿಸಿದನು. ೨೦೨೫ರ ಸೆಪ್ಟೆಂಬರಿನಲ್ಲಿ ರಸ್ತೆ ಸೈಕ್ಲಿಂಗಿನ ಜಗತ್ ಚಾಂಪಿಯನ್‌ಶಿಪ್ಪು ಆಫ್ರಿಕ ಖಂಡದಲ್ಲಿ ಮೊದಲ ಸಲ ನಡೆದುದು ರುವಾಂಡದ ಕಿಗಾಲಿ ನಗರದಲ್ಲಿ. ಸಾಧನಸಂಪತ್ತಿಯ ನೆಪ ಹೇಳುವ ನಮ್ಮವರು ಆ ಭೂಪಟವನ್ನು ಒಮ್ಮೆ ಬಿಚ್ಚಿ ನೋಡಲಿ.

ಮೂರನೆಯ ಆಕ್ಷೇಪವು ನಮ್ಮ ಪಂಡಿತಮಂಡಲಿಯದು: ‘ಹಣಕ್ಕಾಗಿ ಆಡುವುದು ಆಟವೆ? ಅದು ಕೂಲಿ.’ ವಿದ್ವತ್ಸಭೆಯಲ್ಲಿ ಸಂಭಾವನೆಯ ಶಾಲು ಹೊದ್ದವರು ಈ ಮಾತನ್ನು ಆಡಬಾರದು. ನಮ್ಮ ಜಾತ್ರೆಯ ಕುಸ್ತಿಯ ಕಣದಲ್ಲಿ ಗೆದ್ದ ಪೈಲವಾನನ ಕೈಗೆ ಬೆಳ್ಳಿಯ ಕಡೆ ತೊಡಿಸುವುದಿಲ್ಲವೆ? ಆ ಕಡೆಯಿಂದ ಅವನ ಮಲ್ಲವಿದ್ಯೆ ಮೈಲಿಗೆಯಾಯಿತೆ? ೧೯೦೩ರ ಮೊದಲನೆಯ ಟೂರ್ ಡಿ ಫ್ರಾನ್ಸನ್ನು ಹೂಡಿದುದು ‘ಲೋತೊ’ ಎಂಬ ವೃತ್ತಪತ್ರಿಕೆ, ತನ್ನ ಪ್ರತಿಗಳು ಹೆಚ್ಚು ಮಾರಾಟವಾಗಲೆಂದು. ಸುಮಾರು ೨೪೨೮ ಕಿಲೋಮೀಟರುಗಳ ಆ ಓಟವನ್ನು ಗೆದ್ದ ಮೋರಿಸ್ ಗಾರಾಂ ಎಂಬವನು ಬಾಲ್ಯದಲ್ಲಿ ಹೊಗೆಕೊಳವೆಗಳ ಮಸಿ ಬಳಿಯುವ ಕೆಲಸದವನು. ಮಸಿ ಬಳಿಯುವ ಹುಡುಗನಿಗೆ ಅನ್ನವನ್ನೂ ಕೀರ್ತಿಯನ್ನೂ ಕೊಟ್ಟ ಆಟವನ್ನು ಕೂಲಿಯೆಂದು ಜರೆಯುವುದು ಉಂಡವರ ವೇದಾಂತ. ಹಣವಿದ್ದೆಡೆ ವಂಚನೆಯೂ ಉಂಟೆಂಬುದು ನಿಜ. ಅದೇ ಗಾರಾಂ ಮರುವರ್ಷದ ಓಟದಲ್ಲಿ ಅಕ್ರಮಕ್ಕಾಗಿ ಅನರ್ಹನಾದನು. ೧೯೯೯ರಿಂದ ೨೦೦೫ರ ವರೆಗೆ ಏಳು ಸಲ ಗೆದ್ದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗನು ನಿಷಿದ್ಧವಾದ ಮದ್ದು ಸೇವಿಸಿದನೆಂದು ೨೦೧೨ರಲ್ಲಿ ಆ ಏಳು ಗೆಲವುಗಳನ್ನೂ ಕಿತ್ತುಕೊಳ್ಳಲಾಯಿತು. ಕಿತ್ತುಕೊಂಡರೆಂಬುದನ್ನು ಗಮನಿಸಬೇಕು. ನಮ್ಮ ಪರೀಕ್ಷೆಗಳಲ್ಲಿ ನಕಲು ಮಾಡಿ ಪದವಿ ಪಡೆದವರ ಪೈಕಿ ಎಷ್ಟು ಜನರ ಪದವಿಯನ್ನು ಏಳು ವರ್ಷಗಳ ತರುವಾಯ ಕಿತ್ತುಕೊಂಡಿದ್ದೇವೆ?

ನಾಲ್ಕನೆಯ ಆಕ್ಷೇಪ: ‘ಇದರಲ್ಲಿ ಬುದ್ಧಿಗೆ ಕೆಲಸವಿಲ್ಲ, ಕಾಲು ತುಳಿಯುವುದಷ್ಟೆ. ಓದುವ ಮಕ್ಕಳಿಗೆ ಏತಕ್ಕೆ?’ ಪ್ರಾಯಃ ಆ ಸಮೂಹವನ್ನು ದೂರದಿಂದ ಕಂಡವರಿಗೆ ಗಡ್ಡರಿಕಾಪ್ರವಾಹನ್ಯಾಯವು ನೆನಪಾಗುವುದು. ಒಂದು ಕುರಿ ಹೋದತ್ತ ಎಲ್ಲ ಕುರಿಗಳು. ಆದರೆ ಅಲ್ಲಿ ನಡೆಯುವುದು ಅದಲ್ಲ. ಸೈಕಲ್ಲಿನವನ ಮುಖ್ಯ ಶತ್ರು ಗಾಳಿ. ಮುಂದೆ ಇರುವವನು ಗಾಳಿಯನ್ನು ಎದೆಯಿಂದ ಸೀಳುವನು. ಹಿಂದಿನವನು ಅವನ ಮರೆಯಲ್ಲಿ ಉಸಿರು ಉಳಿಸುವನು. ನೆದರ್‌ಲ್ಯಾಂಡಿನ ಐಂಡ್‌ಹೋವನ್ ವಿಶ್ವವಿದ್ಯಾಲಯದ ವಿದ್ವಾಂಸರು ೨೦೧೮ರಲ್ಲಿ ಪ್ರಕಟಿಸಿದ ಸಂಶೋಧನೆಯಂತೆ, ೧೨೧ ಸವಾರರ ದಟ್ಟವಾದ ಗುಂಪಿನ ನಡುವೆ ಅಡಗಿದವನಿಗೆ ತಗಲುವ ಗಾಳಿಯ ತಡೆಯು, ಒಂಟಿಯಾಗಿ ಹೋಗುವವನಿಗೆ ತಗಲುವುದರ ನೂರರಲ್ಲಿ ಐದರಿಂದ ಹತ್ತು ಪಾಲಿನಷ್ಟು ಮಾತ್ರ. ಆದುದರಿಂದ ಈ ಆಟದಲ್ಲಿ ಒಂದು ಅಲಿಖಿತವಾದ ಧರ್ಮಶಾಸ್ತ್ರವಿದೆ. ಗುಂಪನ್ನು ಬಿಟ್ಟು ಮುಂದೆ ಓಡಿದ ಕೆಲವರು ಶತ್ರುತಂಡಗಳವರೇ ಆಗಿದ್ದರೂ ಸರದಿಯಿಂದ ಮುಂದೆ ಬಂದು ಗಾಳಿಯನ್ನು ಹೊರುವರು. ಚಳಿಗಾಲದಲ್ಲಿ ನಮ್ಮ ಬೋನಾಳದ ಕೆರೆಗೆ ಇಳಿಯುವ ಹಕ್ಕಿಗಳ ಸಾಲಿನಲ್ಲಿ ಮುಂದಿನದು ಹಿಂದಾಗಿ ಹಿಂದಿನದು ಮುಂದಾಗುವಂತೆ. ಮರೆಯಲ್ಲಿದ್ದು ಸುಖಪಟ್ಟು ತನ್ನ ಸರದಿ ಬಂದಾಗ ಮುಂದೆ ಹೋಗದವನನ್ನು ಎಲ್ಲರೂ ಹೀನಾಯವಾಗಿ ಕಾಣುವರು. ಒಂದೊಂದು ತಂಡದಲ್ಲಿಯೂ ಬಹುಮಂದಿ ತಾವು ಗೆಲ್ಲಲೆಂದು ಬಂದವರಲ್ಲ. ತಮ್ಮ ನಾಯಕನಿಗೆ ನೀರು ತಂದುಕೊಡುವುದಕ್ಕೂ, ಅವನ ಟಾಯರು ಒಡೆದರೆ ತಮ್ಮ ಗಾಲಿಯನ್ನೇ ಬಿಚ್ಚಿಕೊಡುವುದಕ್ಕೂ ಬಂದವರು. ಎಲ್ಲಿ ಬಲವನ್ನು ವೆಚ್ಚಮಾಡಬೇಕು, ಎಲ್ಲಿ ಕಾಯಬೇಕು, ಯಾರನ್ನು ನಂಬಬೇಕು ಎಂಬ ಗಣಿತವು ತಾಸುಗಟ್ಟಲೆ ಅವರ ತಲೆಯಲ್ಲಿ ನಡೆಯುತ್ತಿರುವುದು. ಇದಕ್ಕಿಂತ ಉತ್ತಮವಾದ ನೀತಿಪಾಠವನ್ನು ನನ್ನ ಮೂವತ್ತು ವರ್ಷಗಳ ಅಧ್ಯಾಪನದಲ್ಲಿ ಪಠ್ಯಪುಸ್ತಕದಲ್ಲಿ ಕಾಣಲಿಲ್ಲ.

ಐದನೆಯ ಆಕ್ಷೇಪವೇ ಎಲ್ಲಕ್ಕೂ ಬಲವಾದುದು. ‘ಪರದೇಶದವರು ಐದು ದಿನ ಓಡುವರೆಂದು ಸರಕಾರವು ಸಡಕುಗಳನ್ನು ದುರಸ್ತಿ ಮಾಡಿಸಿತಂತೆ. ಇದು ಅತಿಥಿ ಬರುವಾಗ ಅಂಗಳ ಸಾರಿಸುವ ಡಂಭಾಚಾರವಲ್ಲವೆ?’ ಹೌದು, ಪುಣೆಯ ಆ ಮಾರ್ಗಗಳನ್ನು ಸ್ಪರ್ಧೆಯ ನಿಮಿತ್ತವಾಗಿ ಸರಿಪಡಿಸಲಾಯಿತು. ಸಡಕು ಸ್ಪರ್ಧೆಗಾಗಿ ಆಗಬೇಕೇ ಹೊರತು ಜನರಿಗಾಗಿ ಆಗಬಾರದೆ ಎಂಬ ಪ್ರಶ್ನೆಯೂ ನ್ಯಾಯವಾದುದೇ. ಆದರೆ ಆಕ್ಷೇಪಿಸುವವರು ಒಂದನ್ನು ಮರೆತರು. ಪರದೇಶದವರು ತಮ್ಮ ಸೈಕಲ್ಲುಗಳನ್ನು ಕಟ್ಟಿಕೊಂಡು ಹೋದರು. ಸಡಕನ್ನು ಕಟ್ಟಿಕೊಂಡು ಹೋಗಲಿಲ್ಲ. ಅದು ಅಲ್ಲಿಯ ಜನರಿಗೇ ಉಳಿಯಿತು. ಮೋಟಾರಿನವನಿಗೆ ಸಡಕಿನ ಹೊಂಡವು ಒಂದು ಜಿಗಿತ ಮಾತ್ರ. ಸೈಕಲ್ಲಿನವನಿಗೆ ಅದೇ ಪ್ರಾಣಸಂಕಟ. ಆದುದರ ಮೂಲಕ ಸೈಕಲ್ ಸ್ಪರ್ಧೆಯೆಂದರೆ ಸಡಕಿಗೆ ಬಯಲಿನಲ್ಲಿ ನಡೆಯುವ ಪರೀಕ್ಷೆ. ಗುತ್ತಿಗೆದಾರನ ಕಾಗದದಲ್ಲಿ ಸಡಕು ಎಂದಿಗೂ ಚೆನ್ನಾಗಿರುವುದು, ಗಾಲಿಯ ಕೆಳಗೆ ಮಾತ್ರ ನಿಜ ತಿಳಿಯುವುದು.

ಇದನ್ನು ನನಗಿಂತ ಚೆನ್ನಾಗಿ ಅರಿತವನೊಬ್ಬನು ಪುಣೆಯ ಸಡಕಿನಂಚಿನಲ್ಲಿ ನನ್ನ ಪಕ್ಕದಲ್ಲಿಯೇ ನಿಂತಿದ್ದನು. ನಾನು ಬೇರೊಬ್ಬರೊಡನೆ ಕನ್ನಡವಾಡುವುದನ್ನು ಕೇಳಿ ಹತ್ತಿರ ಬಂದನು. ಸುರಪುರದ ಕಡೆಯ ಹಳ್ಳಿಯವನು. ಗುಳೆ ಬಂದು ಸಡಕಿನ ಕೆಲಸದಲ್ಲಿದ್ದವನು. ನಮ್ಮ ಜಿಲ್ಲೆಯಿಂದ ಪುಣೆ, ಮುಂಬಯಿ, ಬೆಂಗಳೂರುಗಳಿಗೆ ಗುಳೆ ಹೋಗುವವರ ಸಂಗತಿ ವಾಚಕರಿಗೆ ಹೊಸದಲ್ಲ. ಸವಾರರು ಹಾಯ್ದುಹೋದ ತರುವಾಯ ಅವನು ಅಂದುದು ಹೀಗೆ: “ನೀವು ಅವರನ್ನ ನೋಡ್ಲಾಕತ್ತೀರಿ ಸರ, ನಾ ಸಡಕ್ ನೋಡ್ಲಾಕತ್ತೀನಿ. ಇಷ್ಟು ಜೋರ ಹೋದ್ರೂ ಒಬ್ಬನ ಗಾಲಿ ಜಿಗೀಲಿಲ್ಲ ನೋಡ್ರಿ.” ನಾಡಿನಲ್ಲಿ ಮಕ್ಕಳ ಓದು ಹೇಗಿದೆಯೆಂದು ಕೇಳಿದೆನು. ಮಾಸ್ತರನ ಬಾಯಿಗೆ ಬರುವ ಪ್ರಶ್ನೆ ಅದೊಂದೇ. “ದೊಡ್ಡ ಮಗಳಿಗಿ ಸಾಲ್ಯಾಗ ಸೈಕಲ್ ಕೊಟ್ಟಿದ್ರು. ಹತ್ತನೇತ್ತ ಪಾಸಾದಳು. ಸಣ್ಣಾಕಿ ಎಂಟನೇತ್ತಕ ಬರೂದ್ರಾಗ ಸೈಕಲ್ ಬಂದ್ ಆದವು. ಮೂರು ಮೈಲ್ ಹಾದಿ, ಒಬ್ಬಾಕಿನೇ ಹ್ಯಾಂಗ ಕಳಸಬೇಕ್ರಿ? ಮನ್ಯಾಗ ಕುಂತಳು” ಎಂದನು. ಅವನ ಧ್ವನಿಯಲ್ಲಿ ದೂರೇನೂ ಇರಲಿಲ್ಲ. ಮಳೆ ಬಾರದುದನ್ನು ಹೇಳುವಂತೆ ಹೇಳಿದನು.

ಆ ದೂರನ್ನು ಹೇಳಬೇಕಾದವರು ನಾವು. ೨೦೦೬-೦೭ನೆಯ ಸಾಲಿನಿಂದ ನಮ್ಮ ರಾಜ್ಯದಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ಲು ಕೊಡುವ ಯೋಜನೆಯು ನಡೆದುಬಂದಿತ್ತು. ಪಕ್ಷಗಳು ಬದಲಾದರೂ ಅದು ಉಳಿದಿತ್ತು. ಕೋವಿಡ್ ವ್ಯಾಧಿಯ ಕಾಲದಲ್ಲಿ ನಿಂತಿತು. ಎಂಟನೆಯ ತರಗತಿಯೇ ಏಕೆ? ಹಳ್ಳಿಯ ಶಾಲೆ ಏಳಕ್ಕೆ ಮುಗಿಯುವುದು. ಪ್ರೌಢಶಾಲೆ ಇನ್ನೊಂದು ಊರಲ್ಲಿರುವುದು. ಆ ಎರಡೂರುಗಳ ನಡುವಣ ಹಾದಿಯಲ್ಲಿಯೇ ನಮ್ಮ ನಾಡಿನ ಹೆಣ್ಣುಮಕ್ಕಳ ವಿದ್ಯೆ ಕಳೆದುಹೋಗುವುದು. ನಾಲ್ವರು ಹುಡುಗಿಯರು ಸಾಲಾಗಿ ಸೈಕಲ್ಲು ತುಳಿಯುತ್ತ ಹೋದರೆ ಆ ಹಾದಿಗೆ ಹೆದರಿಕೆಯಿಲ್ಲ. ಆ ಸಾಲು ನಿಂತಾಗ ನಮ್ಮ ವಕೀಲರ ಸಂಘ, ವೈದ್ಯರ ಸಂಘ, ಶಿಕ್ಷಕರ ಸಂಘ, ಸಾಹಿತಿಗಳ ಸಭೆಗಳಲ್ಲಿ ಎಷ್ಟು ನಿರ್ಣಯಗಳು ಅಂಗೀಕಾರವಾದವು? ನಮ್ಮ ಮಕ್ಕಳು ಆ ಸೈಕಲ್ಲುಗಳ ಮೇಲೆ ಇರಲಿಲ್ಲ; ಅವರು ವ್ಯಾನಿನಲ್ಲಿದ್ದರು. ಯಾವ ವಾಹನವನ್ನು ಸುಶಿಕ್ಷಿತರು ತಿರಸ್ಕರಿಸುವರೋ ಆ ವಾಹನದ ಹಾದಿಗೆ ಹೇಳುವವರು ಕೇಳುವವರು ಇಲ್ಲದಾಗುವರು. ಔದಾಸೀನ್ಯವು ನಿರುಪದ್ರವವಾದ ಗುಣವೆಂದು ತಿಳಿಯಲಾಗದು. ಅದರ ಬೆಲೆಯನ್ನು ತೆರುವವರು ಬೇರೆ ಮನೆಯವರು.

ಆರನೆಯ ಆಕ್ಷೇಪ: ‘ನಮ್ಮ ಜನರಿಗೆ ಶಿಸ್ತಿಲ್ಲ, ದನಗಳೂ ಲಾರಿಗಳೂ ತುಂಬಿದ ಹೆದ್ದಾರಿಯಲ್ಲಿ ಸೈಕಲ್ಲೆಂದರೆ ಅಪಮೃತ್ಯು.’ ಶಿಸ್ತು ಯಾವ ಜನಾಂಗಕ್ಕೂ ಹುಟ್ಟಿನಿಂದ ಬಂದುದಲ್ಲ. ೨೦೨೧ರ ಟೂರ್ ಡಿ ಫ್ರಾನ್ಸ್‌ನ ಮೊದಲ ದಿನವೇ ಒಬ್ಬ ಪ್ರೇಕ್ಷಕಳು ಅಜ್ಜ ಅಜ್ಜಿಯರಿಗೆ ಹಾರೈಕೆ ಬರೆದ ಹಲಗೆಯನ್ನು ಹಿಡಿದು, ಕ್ಯಾಮೆರದತ್ತ ಮುಖಮಾಡಿ, ಬರುತ್ತಿದ್ದ ಸವಾರರಿಗೆ ಬೆನ್ನು ತೋರಿಸಿ ಸಡಕಿನೊಳಕ್ಕೆ ನಿಂತಳು. ಒಬ್ಬ ಸವಾರನು ಆ ಹಲಗೆಗೆ ತಗಲಿ ಬಿದ್ದನು. ಅವನ ಹಿಂದೆ ಹತ್ತಾರು ಜನರು ರಾಶಿಯಾಗಿ ಬಿದ್ದರು. ನ್ಯಾಯಾಲಯವು ಅವಳಿಗೆ ೧೨೦೦ ಯೂರೋಗಳ ದಂಡ ವಿಧಿಸಿತು. ನೂರು ವರ್ಷಗಳಿಗೂ ಮೀರಿ ಸ್ಪರ್ಧೆಯನ್ನು ಕಂಡ ಜನರಲ್ಲಿಯೇ ಇಂತಹದು ನಡೆಯುವುದಾದರೆ, ಕಾಣದವರಿಗೆ ಕಲಿಯಲು ಅವಕಾಶವನ್ನೇ ಕೊಡದೆ ಅಶಿಸ್ತಿನವರೆಂದು ತೀರ್ಪುಕೊಡುವುದು ಯಾವ ನ್ಯಾಯ? ಪುಣೆಯಲ್ಲಿ ಕಂಡುದನ್ನೇ ಹೇಳುವೆನು. ಮೊದಲು ಎಲ್ಲರೂ ಸಡಕಿನ ನಡುವಿಗೆ ನುಗ್ಗಿ ನೋಡುತ್ತಿದ್ದರು. ಆ ವೇಗವನ್ನು ಒಮ್ಮೆ ಕಂಡ ಮೇಲೆ ಯಾರೂ ಹೇಳದೆಯೇ ಎರಡು ಹೆಜ್ಜೆ ಹಿಂದೆ ಸರಿದು ಮಕ್ಕಳ ಕೈ ಹಿಡಿದರು. ಲಾರಿಗಳ ಭಯವಾದರೋ ಸತ್ಯವಾದುದು. ಜೇವರ್ಗಿಯಿಂದ ಶಹಾಪುರದ ಮೇಲೆ ಲಿಂಗಸುಗೂರಿನತ್ತ ಹೋಗುವ ಹೆದ್ದಾರಿಯನ್ನು ಬಲ್ಲವರಿಗೆ ಅದನ್ನು ಬೇರೆ ಹೇಳಬೇಕಾಗಿಲ್ಲ. ಆದರೆ ಈ ಭಯದಿಂದ ಹೊರಡುವ ನಿರ್ಣಯವೇನು? ಸೈಕಲ್ಲನ್ನು ಬಿಡಬೇಕೆಂಬುದೆ? ಹೆದ್ದಾರಿಯ ಮಗ್ಗುಲಲ್ಲಿ ಸೈಕಲ್ಲಿಗೆ ಎರಡು ಮೊಳದ ಹಾದಿ ಬೇಕೆಂಬುದೆ? ಹಾವು ಹೊಕ್ಕಿತೆಂದು ಮನೆಯನ್ನೇ ಹಾವಿಗೆ ಬಿಟ್ಟುಕೊಟ್ಟವರನ್ನು ಜಾಣರೆಂದು ಯಾರೂ ಕರೆಯರು.

ಪೂರ್ವಪಕ್ಷವಿಷ್ಟು. ಇನ್ನು ನಮ್ಮ ನೆರೆಯವರನ್ನು ನೋಡೋಣ. ವಿಜಯಪುರ, ಬಾಗಲಕೋಟೆ ಜಿಲ್ಲೆಗಳೆಂದರೆ ಇಂದು ಕರ್ನಾಟಕದ ಸೈಕಲ್ ಸವಾರರ ತವರುಮನೆ. ಅಲ್ಲಿಯ ಒಕ್ಕಲುತನದ ಮನೆಗಳ ಹುಡುಗರೂ ಹುಡುಗಿಯರೂ ರಾಷ್ಟ್ರದ ಕೂಟಗಳಲ್ಲಿ ಪದಕಗಳನ್ನು ಗೆದ್ದು, ರೈಲ್ವೆಯಲ್ಲಿಯೂ ಸೈನ್ಯದಲ್ಲಿಯೂ ನೌಕರಿ ಪಡೆದು, ಮನೆತನಗಳನ್ನು ಎತ್ತಿ ನಿಲ್ಲಿಸಿದ್ದಾರೆ. ವಿಜಯಪುರದಲ್ಲಿ ಸೈಕಲ್ ಕ್ರೀಡೆಯ ವಸತಿಶಾಲೆಯುಂಟು. ೨೦೨೪ರ ಜನವರಿಯಲ್ಲಿ ರಾಷ್ಟ್ರೀಯ ರಸ್ತೆ ಸೈಕ್ಲಿಂಗ್ ಚಾಂಪಿಯನ್‌ಶಿಪ್ಪು ಆ ಊರಲ್ಲಿಯೇ ನಡೆಯಿತು. ಅವರ ನೆಲ ಬೇರೆಯೆ? ಅದೇ ಎರೆಯ ಭೂಮಿ, ಅದೇ ಬಿಸಿಲು, ಅದೇ ಬಿಳಿಜೋಳದ ರೊಟ್ಟಿ. ಆಲಮಟ್ಟಿಯಲ್ಲಿ ನಿಂತ ಕೃಷ್ಣೆಯ ನೀರೇ ನಾರಾಯಣಪುರಕ್ಕೆ ಇಳಿದು ನಮ್ಮ ಗದ್ದೆಗಳಿಗೆ ಹರಿಯುವುದು. ನೀರು ಬಂದಿತು, ಸವಾರರು ಬರಲಿಲ್ಲ. ಕಾರಣ ಒಂದೇ. ಅಲ್ಲಿ ಸೈಕಲ್ಲು ತುಳಿಯುವ ಹುಡುಗನನ್ನು ಊರು ಹೆಮ್ಮೆಯಿಂದ ನಿಂತು ನೋಡುವುದು. ಇಲ್ಲಿ ಅವನಿಗೆ ‘ಮೋಟಾರುಸೈಕಲ್ಲು ಯಾವಾಗ ತೊಗೋತಿ?’ ಎಂದು ಕೇಳುವುದು.

ನಮ್ಮದು ೨೦೦೯ರ ಡಿಸೆಂಬರಿನಲ್ಲಿ ಹುಟ್ಟಿದ ಜಿಲ್ಲೆ. ಹಿಂದುಳಿದವರೆಂಬ ವಿಶೇಷಣವನ್ನು ನಾವು ಮನವಿಪತ್ರಗಳಲ್ಲಿ ಬಿರುದಿನಂತೆ ಧರಿಸುವೆವು. ಸಂವಿಧಾನದ ೩೭೧(ಜೆ) ಅನುಚ್ಛೇದದಿಂದ ನೌಕರಿಗಳೂ ಕಾಲೇಜಿನ ಸ್ಥಾನಗಳೂ ದೊರೆತವು. ಅವುಗಳ ಬಹುಪಾಲನ್ನು ಅನುಭವಿಸುವವರು ಸುಶಿಕ್ಷಿತ ಮನೆಗಳ ಮಕ್ಕಳು. ಆ ಹಕ್ಕು ನ್ಯಾಯವಾದುದೇ. ಆದರೆ ಹಿಂದುಳಿದ ನಾಡೆಂದು ತೋರಿಸಿಕೊಟ್ಟವರು ಯಾರು? ಗುಳೆ ಹೋದವರು, ಎಂಟನೆಯ ತರಗತಿಗೆ ಶಾಲೆ ಬಿಟ್ಟ ಹುಡುಗಿಯರು, ಹೊಂಡದ ಹಾದಿಯಲ್ಲಿ ನಡೆಯುವವರು. ಗಾಳಿಯನ್ನು ಎದೆಗೆ ತೆಗೆದುಕೊಂಡವರು ಅವರು. ಅವರ ಮರೆಯಲ್ಲಿ ಸುಖವಾಗಿ ಸಾಗಿಬಂದವರು ನಾವು. ಮರೆಯಲ್ಲಿದ್ದವನು ಸರದಿ ಬಂದಾಗ ಮುಂದೆ ಹೋಗಬೇಕೆಂಬುದು ಆ ಆಟದ ಧರ್ಮವೆಂದು ಮೇಲೆ ಹೇಳಿದೆನಷ್ಟೆ.

ಬರಿಯ ಖಂಡನದಿಂದ ಪ್ರಯೋಜನವಿಲ್ಲ. ಆದುದರಿಂದ ಮೂರು ಸೂಚನೆಗಳನ್ನು ಸಂಘದ ಮುಂದಿಡುವೆನು. ಒಂದು: ನಮ್ಮ ಸಂಘವು ಮುಂದಿನ ವಾರ್ಷಿಕ ಸಭೆಯಲ್ಲಿ, ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲು ಕೊಡುವುದನ್ನು ನಿಲ್ಲಿಸಿದಲ್ಲಿಂದ ಮುಂದುವರಿಸಬೇಕೆಂದು ನಿರ್ಣಯವನ್ನು ಅಂಗೀಕರಿಸಿ, ಊರೂರಿನ ಸುಶಿಕ್ಷಿತರ ಹಸ್ತಾಕ್ಷರಗಳೊಡನೆ ಸರಕಾರಕ್ಕೆ ಕಳುಹಿಸತಕ್ಕದ್ದು. ಎರಡು: ಸುಗ್ಗಿಯ ಪೂರ್ವದ ಚಳಿಗಾಲದ ಒಂದು ಭಾನುವಾರ, ಯಾದಗಿರಿಯ ಭೀಮಾತೀರದಿಂದ ಶಹಾಪುರದ ಮಲಗಿದ ಬುದ್ಧನ ಬೆಟ್ಟದ ಮಗ್ಗುಲಿನಿಂದ, ಸುರಪುರದ ಗುಡ್ಡಗಳನ್ನು ಹತ್ತಿ ಇಳಿದು, ತಿಂಥಣಿಯ ಕೃಷ್ಣಾತೀರಕ್ಕೆ ಮುಟ್ಟುವ ಓಟವೊಂದನ್ನು ವರ್ಷಕ್ಕೊಮ್ಮೆ ಏರ್ಪಡಿಸತಕ್ಕದ್ದು. ನೂರು ಕಿಲೋಮೀಟರಿನೊಳಗಿನ ಈ ಹಾದಿಯಲ್ಲಿ ಬಯಲೂ ಉಂಟು, ಏರೂ ಉಂಟು. ಬೆಲೆಬಾಳುವ ಸೈಕಲ್ಲುಗಳವರಿಗೆ ಒಂದು ವಿಭಾಗವಿದ್ದರೆ, ಹಾಲಿನವನ ಸಾದಾ ಸೈಕಲ್ಲಿಗೂ ಶಾಲೆಯ ಹುಡುಗಿಯರಿಗೂ ಸಣ್ಣ ದೂರದ ಬೇರೆ ವಿಭಾಗಗಳಿರಲಿ. ತಲೆಗೆ ಶಿರಸ್ತ್ರಾಣವಿಲ್ಲದೆ ಯಾರನ್ನೂ ಬಿಡದಿರಲಿ. ಓಟದ ಹೊತ್ತು ಲಾರಿಗಳು ನಿಲ್ಲಲಿ. ಓಟಕ್ಕೆ ತಿಂಗಳು ಮೊದಲೇ ಆ ಸಡಕಿನ ಹೊಂಡಗಳನ್ನು ಮೈಲಿವಾರು ಎಣಿಸಿ ಈ ಪತ್ರಿಕೆಯಲ್ಲಿ ಅಚ್ಚುಹಾಕೋಣ. ಮೂರು: ಈ ಪತ್ರಿಕೆ ಬರುವ ಪ್ರತಿಯೊಂದು ಮನೆಯವರೂ ತಮ್ಮ ಮಕ್ಕಳಲ್ಲಿ ಒಬ್ಬರನ್ನಾದರೂ ಶಾಲೆಗೆ ಸೈಕಲ್ಲಿನ ಮೇಲೆ ಕಳುಹಿಸತಕ್ಕದ್ದು. ಮೂರರಲ್ಲಿ ಇದೇ ಕಠಿನವಾದುದು. ನಿರ್ಣಯಕ್ಕೆ ಸಹಿ ಹಾಕಲು ಕಾಸು ಬೇಕಿಲ್ಲ. ಓಟಕ್ಕೆ ಚಂದಾ ಕೊಟ್ಟು ಮುಗಿಸಬಹುದು. ಸ್ವಂತ ಮಗನನ್ನು ಸೈಕಲ್ಲಿನ ಮೇಲೆ ಕೂಡಿಸಬೇಕಾದರೆ ‘ಜನರು ಏನೆಂದಾರು?’ ಎಂಬ ಭೂತವನ್ನು ಬಿಡಿಸಬೇಕು.

ಆದರೆ ಫಲವೂ ಅದರಿಂದಲೇ ಬರುವುದು. ವಕೀಲರ ಮಗನು ಬಿದ್ದ ಹೊಂಡವನ್ನು ಎಂಟು ದಿನಗಳಲ್ಲಿ ಮುಚ್ಚುವರು. ಕೂಲಿಯವನ ಮಗಳು ಬಿದ್ದ ಹೊಂಡದಲ್ಲಿ ಮಳೆಗಾಲಕ್ಕೆ ಕಪ್ಪೆಗಳು ಕೂಗುವುವು. ಇದು ನ್ಯಾಯವಲ್ಲವೆಂದು ನನಗೂ ಗೊತ್ತು; ಲೋಕಸ್ಥಿತಿ ಹಾಗಿರುವುದು. ಹಾಗಿರುವ ತನಕ ಇಬ್ಬರ ಮಕ್ಕಳೂ ಒಂದೇ ಹಾದಿಯಲ್ಲಿ ತುಳಿಯುವುದೇ ಆ ಹುಡುಗಿಗೆ ನಾವು ಮಾಡಬಹುದಾದ ಅತ್ಯಲ್ಪ ಉಪಕಾರ. ಎದುರುಗಾಳಿಯಲ್ಲಿ ಮುಂದೆ ಹೋಗುವ ಸರದಿ ನಮ್ಮದಾಗಿ ಬಹಳ ದಿನಗಳಾದವು.